ಅಳಿವೆಯ ದೋಣಿಯ ಪ್ರಶ್ನೆ

ಸೌದಾಮಿನಿ ಟೀಚರಿಗೆ ಡಾಕ್ಟರ್ ಆಗಬೇಕೆಂಬ ಹಟ ಹುಟ್ಟಿದ್ದು ಒಂದು ತರಬೇತಿ ಶಿಬಿರದ ಹಿಂದಿನ ಬೆಂಚಿನಲ್ಲಿ. ಮದ್ದು ಕೊಡುವ ಡಾಕ್ಟರ್ ಅಲ್ಲ, ಹೆಸರಿಗೆ ಮೊದಲು ಅಂಟಿಸಿಕೊಳ್ಳುವ ಡಾಕ್ಟರ್. ಗಡಿನಾಡಿನ ಹೈಸ್ಕೂಲುಗಳ ವಿಜ್ಞಾನ ಅಧ್ಯಾಪಕರನ್ನೆಲ್ಲ ಕೂರಿಸಿ ಹೊಸ ಪಾಠಗಳ ಬಗ್ಗೆ ಬೆಳಗಿನಿಂದ ಸಂಜೆಯವರೆಗೆ ಮಲಯಾಳದಲ್ಲಿ ಮಾತಾಡಿದ ಮಹಾಶಯರೊಬ್ಬರು, ಚೀಲ ಹೆಗಲಿಗೇರಿಸುವಾಗ, "ಕನ್ನಡ ಮೀಡಿಯಂನವರದ್ದು ಆಮೇಲೆ ನೋಡುವ" ಎಂದುಬಿಟ್ಟರು. ಆ ಆಮೇಲೆ ಇಂದಿಗೂ ಬಂದಿಲ್ಲ. ಟೀಚರಿಗೆ ಮೈ ಉರಿಯಿತು. ನಮ್ಮ ಮಕ್ಕಳ ಮೇಲೆ, ನಮ್ಮ ಭಾಷೆಯಲ್ಲಿ ಒಂದು ಸಂಶೋಧನೆ ಮಾಡಿ ಇವರ ಎದುರೇ ನಿಂತು ಓದುತ್ತೇನೆ ಎಂದು ಬಸ್ಸಿನಲ್ಲಿ ಕುಂಬಳೆ ಮುಟ್ಟುವಷ್ಟರಲ್ಲಿ ತೀರ್ಮಾನಿಸಿಯಾಗಿತ್ತು.

ಹಟವೇನೋ ದೊಡ್ಡದು, ಆದರೆ ಅವರದ್ದು ರಜೆ ಹಾಕಿ ಲೈಬ್ರರಿಯಲ್ಲಿ ಕೂತು ಮಾಡುವ ಸಂಶೋಧನೆಯಲ್ಲ. ಬಂದ್ಯೋಡಿನಿಂದ ಒಳಗಡೆಗೆ ಹೋಗುವ ಬಸ್ಸಿನಲ್ಲಿ ನೇತಾಡಿ ಕಲ್ಲಗುಡ್ಡೆ ಹೈಸ್ಕೂಲಿಗೆ ಹೋಗಿ, ಪಾಠ ಮಾಡಿ, ಮಧ್ಯಾಹ್ನದ ಊಟ ಬಡಿಸುವ ಸರದಿ ಮುಗಿಸಿ, ಕಲೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡಿ, ಉಳಿದ ಹೊತ್ತಿನಲ್ಲಿ ಮಾಡುವ ಸಂಶೋಧನೆ. ಹಾಗಾಗಿ ಅದು ಎಳೆಯುತ್ತಲೇ ಹೋಯಿತು. ವಿಶ್ವವಿದ್ಯಾಲಯದವರು ಕೊಡಬಹುದಾದ ಮುಂದೂಡಿಕೆಗಳನ್ನೆಲ್ಲ ಕೊಟ್ಟು, "ಇದು ಕಡೆಯದ್ದು" ಎಂದು ಬರೆದು ಕಳಿಸಿದ್ದರು. ಈ ಮಾರ್ಚಿನೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅಷ್ಟು ವರ್ಷದ ಶ್ರಮ ನೀರಿಗೆ ಬಿದ್ದ ಹಾಗೆ.

ಸಂಶೋಧನೆಯ ವಿಷಯ ಹೇಳಲಿಕ್ಕೆ ಸುಲಭ. ಒಂಬತ್ತನೇ ತರಗತಿಯಲ್ಲಿ ಎರಡು ಡಿವಿಷನ್. ಎ ಡಿವಿಷನಿಗೆ ಹೊಸ ಕ್ರಮ. ಏನಾಗಬಹುದೆಂದು ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ಮಾಡಿ ನೋಡಬೇಕು, ಊಹೆ ಕೆಟ್ಟರೆ ಯಾಕೆ ಕೆಟ್ಟಿತೆಂದು ತಮ್ಮೊಳಗೆ ಜಗಳಾಡಬೇಕು. ಬಿ ಡಿವಿಷನಿಗೆ ಎಂದಿನಂತೆ ಬೋರ್ಡು, ಚಾಕ್‌ಪೀಸು, ಪುಸ್ತಕ. ಪಾಠ ಎರಡು ಕಡೆಯೂ ಒಂದೇ, ನೀರಿನಲ್ಲಿ ವಸ್ತುಗಳು ತೇಲುವುದು ಮುಳುಗುವುದರ ಬಗ್ಗೆ. ಕೊನೆಗೆ ಎರಡು ಡಿವಿಷನಿಗೂ ಒಂದೇ ಪ್ರಶ್ನೆಪತ್ರಿಕೆ. ಎ ಮುಂದೆ ಬಂದರೆ ಹೊಸ ಕ್ರಮ ಗೆದ್ದಿತು, ಟೀಚರ್ ಡಾಕ್ಟರ್ ಆದರು.

ಸುಲಭ ಹೌದು. ಆದರೆ ಕಲ್ಲಗುಡ್ಡೆ ಶಾಲೆಯಲ್ಲಿ ಒಂದು ಪದ್ಧತಿ ಉಂಟು, ಅದು ಅಡ್ಡ ಬಂತು. ಯಾವುದೋ ಕಾಲದಲ್ಲಿ ಒಮ್ಮೆ ಕನ್ನಡದ ಪಾಠಪುಸ್ತಕಗಳ ಕಟ್ಟು ಅರ್ಧವೇ ಬಂದಿತ್ತಂತೆ. ಆಗಿನ ಹೆಡ್‌ಮಾಷ್ಟ್ರು ಉಪಾಯ ಮಾಡಿ, ಎ ಡಿವಿಷನಿನ ಒಬ್ಬರಿಗೂ ಬಿ ಡಿವಿಷನಿನ ಒಬ್ಬರಿಗೂ ಸೇರಿ ಒಂದು ಪುಸ್ತಕ ಎಂದು ಜೋಡಿ ಮಾಡಿದರು. ಎ ಡಿವಿಷನಿಗೆ ವಿಜ್ಞಾನ ಬೆಳಗ್ಗೆ, ಬಿ ಡಿವಿಷನಿಗೆ ಇಂಟರ್‌ವಲ್ ಕಳೆದ ಮೇಲೆ. ಇಂಟರ್‌ವಲಿನಲ್ಲಿ ಗೇರುಮರದ ಬುಡದ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಪುಸ್ತಕ ಕೈ ಬದಲಾಗಬೇಕು. ಮುಂದೆ ಪುಸ್ತಕಗಳು ತಡವಾಗಿಯಾದರೂ ಪೂರ್ತಿ ಬರತೊಡಗಿದವು, ಆದರೆ ಜೋಡಿಯ ರೂಢಿ ಹೋಗಲಿಲ್ಲ. ಪುಸ್ತಕ ಬರುವವರೆಗೆ ಹಿಂದಿನ ವರ್ಷದವರ ಹಳೆಯದನ್ನು ಹಂಚಿಕೊಳ್ಳುವುದು, ಬಂದ ಮೇಲೂ ಒಂದನ್ನು ಮನೆಯಲ್ಲಿಟ್ಟು ಒಂದನ್ನೇ ಹೊತ್ತು ತರುವುದು. ಚೀಲ ಹಗುರ ನೋಡಿ.

ಮಕ್ಕಳೆಂದ ಮೇಲೆ ಪುಸ್ತಕ ಮಾತ್ರ ಕೊಟ್ಟು ಬಾಯಿ ಮುಚ್ಚಿಕೊಂಡು ಹೋಗುತ್ತವೆಯೇ? "ಇವತ್ತು ಎಂತ ಆಯ್ತು?" ಎಂದು ಇವರು ಕೇಳುವುದು, ಅವರು ಒಂದೇ ಉಸಿರಿಗೆ ಇಡೀ ಪಾಠವನ್ನು ತುಳು, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಕಲಸಿ ಒಪ್ಪಿಸುವುದು. ಗೇರುಮರದ ಬುಡದಲ್ಲಿ ಇಂಟರ್‌ವಲ್ ಎಂದರೆ ಸಂತೆಯೇ. ಸೌದಾಮಿನಿ ಟೀಚರ್ ಅಷ್ಟು ವರ್ಷ ಅದನ್ನು ಗಲಾಟೆ ಎಂದೇ ಕರೆಯುತ್ತಿದ್ದರು.

ಈ ಸಂಗತಿಯನ್ನು ಅವರು ತಮ್ಮ ಮಾರ್ಗದರ್ಶಕರಾದ ಡಾಕ್ಟರ್ ಹರಿನಾರಾಯಣರಿಗೆ ಫೋನಿನಲ್ಲಿ ನಗುತ್ತಾ ಹೇಳಿದಾಗ ಅವರು ನಗಲಿಲ್ಲ.

"ಟೀಚರ್, ಇದು ತೂತು ಕೊಡಪಾನ. ಎ ಡಿವಿಷನಿಗೆ ನೀವು ಹೊಯ್ದದ್ದು ಇಂಟರ್‌ವಲಿನಲ್ಲಿ ಬಿ ಡಿವಿಷನಿಗೆ ಸೋರಿದ್ರೆ ಕೊನೆಗೆ ಎಂತ ಅಳೆಯುವುದು? ಮೊದಲು ಆ ತೂತು ಮುಚ್ಚಿ."

ಟೀಚರ್ ಮುಚ್ಚಿದರು. ಬಂದ್ಯೋಡಿನಲ್ಲಿ ಆ ಪಾಠವನ್ನು ಝೆರಾಕ್ಸ್ ಮಾಡಿಸಿ, ಚಂದಕ್ಕೆ ಪಿನ್ ಹೊಡೆದು, ಎರಡು ಡಿವಿಷನಿನ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟರು. ಇನ್ನು ಪುಸ್ತಕಕ್ಕಾಗಿ ಯಾರೂ ಯಾರ ಹತ್ತಿರವೂ ಹೋಗಬೇಕಿಲ್ಲ. ಪಿಟಿಎ ಸಭೆಯಲ್ಲಿ ಹೆಡ್‌ಮಾಷ್ಟ್ರು ಕೇಶವಪ್ರಸಾದರು ಇದನ್ನು ಎತ್ತಿ ಹೇಳಿ, "ಇಂಥ ಟೀಚರು ಸಿಗುವುದು ನಮ್ಮ ಪುಣ್ಯ" ಎಂದು ಚಪ್ಪಾಳೆ ಹೊಡೆಸಿದರು. ಟೀಚರಿಗೆ ಮುಜುಗರವಾಯಿತು, ಆದರೆ ಹೆಚ್ಚೇನೂ ಅಲ್ಲ.

ಎ ಡಿವಿಷನಿಗೆ ಮಾತ್ರ ಒಂದು ಮಾತು ಹೇಳಬೇಕಾಯಿತು. ಬಾಗಿಲು ಹಾಕಿಸಿ, ದನಿ ತಗ್ಗಿಸಿ ಹೇಳಿದರು.

"ಇಲ್ಲಿ ಮಾಡುವುದನ್ನು ಬಿ ಡಿವಿಷನಿನವರಿಗೆ ಹೇಳ್ಬಾರ್ದು, ಆಯ್ತಾ? ಪರೀಕ್ಷೆ ಮುಗಿಯುವವರೆಗೆ ಮಾತ್ರ. ಅವರಿಗೆ ಗೊತ್ತಾದ್ರೆ ನನ್ನ ಪಿಎಚ್‌ಡಿ ಹಾಳಾಗ್ತದೆ."

ಮಕ್ಕಳು ಕಣ್ಣರಳಿಸಿ ತಲೆಯಾಡಿಸಿದರು. ಟೀಚರಿನ ಗುಟ್ಟೊಂದು ತಮ್ಮ ಕೈಯಲ್ಲಿದೆ ಎನ್ನುವುದೇ ಅವರಿಗೆ ಹಬ್ಬ. ಮೊದಲ ಬೆಂಚಿನ ಸ್ಪಂದನಾ ಎಂಬ ಹುಡುಗಿ ಮಾತ್ರ ತಲೆಯಾಡಿಸದೆ ಕಿಟಕಿಯ ಹೊರಗೆ ನೋಡಿದಳು. ಅವಳ ಪುಸ್ತಕದ ಜೋಡಿ ಬಿ ಡಿವಿಷನಿನ ಲೀಡರ್ ಸಜ್ನಾ. ಐದನೇ ಕ್ಲಾಸಿನಿಂದಲೂ ಇಬ್ಬರಿಗೂ ಒಂದೇ ಪುಸ್ತಕ, ಬಂದ್ಯೋಡಿನ ಬಸ್ಸಿನಲ್ಲಿ ಒಂದೇ ಸೀಟು.

ಓಣಂ ರಜೆ ಕಳೆದ ಮೇಲೆ ಶುರುವಾಯಿತು. ಅಬ್ಬಬ್ಬ, ಆ ಎ ಡಿವಿಷನಿನ ಗೌಜಿಯೇ! ಬಾಲ್ದಿಯಲ್ಲಿ ನೀರು, ಜೇಡಿಮಣ್ಣಿನ ಉಂಡೆ. ಉಂಡೆ ಮುಳುಗುತ್ತದೆ, ಅದೇ ಮಣ್ಣನ್ನು ಬಟ್ಟಲು ಮಾಡಿದರೆ ತೇಲುತ್ತದೆ, ಯಾಕೆ? ಸ್ಪ್ರಿಂಗ್ ತ್ರಾಸಿಗೆ ಕಟ್ಟಿದ ಕಲ್ಲನ್ನು ನೀರಿಗೆ ಇಳಿಸಿದರೆ ಮುಳ್ಳು ಹಿಂದೆ ಸರಿಯುತ್ತದೆ, ಯಾಕೆ? ಮೊಟ್ಟೆಯನ್ನು ಕಣ್ಣೆತ್ತಿಯೂ ನೋಡದ ಮನೆಯಲ್ಲಿ ಹುಟ್ಟಿದ ಟೀಚರ್ ವಿಜ್ಞಾನಕ್ಕೋಸ್ಕರ ಕೋಳಿಮೊಟ್ಟೆ ಕೈಯಲ್ಲಿ ಹಿಡಿದು, ಗ್ಲಾಸಿನ ನೀರಿಗೆ ಮೆಲ್ಲ ಇಳಿಸಿದರು. ಅದು ಅಡಿಗೆ ಹೋಗಿ ಕೂತಿತು. ಉಪ್ಪು ಹಾಕಿ ಕದಡಿದರೆ ಎದ್ದು ಮೇಲೆ ಬಂತು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕಿರುಚಿದರು.

ಆ ಕಿರುಚಾಟ ಗೋಡೆಯಾಚೆಗೆ ಕೇಳದೆ ಇರುತ್ತದೆಯೇ? ಆ ಹೊತ್ತಿಗೆ ಪಿ.ಟಿ. ಪೀರಿಯಡ್ ಇದ್ದ ಬಿ ಡಿವಿಷನಿನ ಮಕ್ಕಳು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತರು. ಟೀಚರ್ ಹೋಗಿ ಕಿಟಕಿ ಹಾಕಿಕೊಂಡರು. ಹಾಕುವಾಗ ಸಜ್ನಾಳ ಮುಖ ಕಂಡಿತು. ಅವಳು ಬೇಸರಿಸಿದ ಹಾಗೆ ಕಾಣಲಿಲ್ಲ. ತಾನೇ ಒಂದು ಹೆಜ್ಜೆ ಹಿಂದೆ ಸರಿದು, ಉಳಿದವರನ್ನೂ ತೋಳು ಹಿಡಿದು ಎಳೆದುಕೊಂಡು ಹೋದಳು.

ಬಿ ಡಿವಿಷನಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಟೀಚರ್ ನಡುನಡುವೆ ತಿರುಗಿ ಮಕ್ಕಳ ಮುಖ ನೋಡುತ್ತಿದ್ದರು. ಸಮಾಧಾನಕ್ಕೆಂದು, "ಪರೀಕ್ಷೆ ಆದ ಮೇಲೆ ನಿಮಗೂ ಎಲ್ಲ ಮಾಡಿ ತೋರಿಸ್ತೇನೆ" ಎನ್ನುತ್ತಿದ್ದರು. ಆಮೇಲೆ ನೋಡುವ ಎಂದು ಯಾರೋ ತಮಗೆ ಹೇಳಿದ್ದು ಆಗ ಅವರಿಗೆ ನೆನಪಾಗಲಿಲ್ಲ. ನೆನಪಾಗಬೇಕಿತ್ತು, ಆದರೆ ನಮಗೆಲ್ಲ ಹಾಗೆಯೇ, ಬೇರೆಯವರು ತುಳಿದ ಕಾಲು ನೋಯುತ್ತದೆ, ನಾವು ತುಳಿದದ್ದು ಗೊತ್ತೇ ಆಗುವುದಿಲ್ಲ.

ಇಂಟರ್‌ವಲಿನಲ್ಲಿ ಗೇರುಮರದ ಬುಡ ತಣ್ಣಗಾಯಿತು. ಎ ಡಿವಿಷನಿನವರು ಮೆಟ್ಟಿಲಿನ ಈ ಬದಿ, ಬಿ ಡಿವಿಷನಿನವರು ಆ ಬದಿ. ಬಸ್ಸಿನಲ್ಲಿ ಸ್ಪಂದನಾ ಡ್ರೈವರಿನ ಹಿಂದಿನ ಸೀಟಿನಲ್ಲಿ, ಸಜ್ನಾ ಹಿಂದಿನ ಬಾಗಿಲ ಹತ್ತಿರ. ಟೀಚರ್ ಒಂದು ಸಂಜೆ ಕೇಳಿಯೂ ಕೇಳಿದರು.

"ಎಂತ ಸ್ಪಂದನಾ, ಸಜ್ನಾಳೊಟ್ಟಿಗೆ ಜಗಳವಾ?"

"ಇಲ್ಲ ಟೀಚರ್." ಹುಡುಗಿ ಚೀಲದ ಜಿಪ್ಪು ಎಳೆಯುತ್ತಾ ಹೇಳಿದಳು. "ಹತ್ರ ಕೂತ್ರೆ ಬಾಯಿಗೆ ಬರ್ತದೆ. ಅದಕ್ಕೆ ದೂರ ಕೂತದ್ದು."

ಎಷ್ಟು ನಿಯತ್ತಿನ ಮಗು ಎಂದು ಟೀಚರಿಗೆ ಮೆಚ್ಚುಗೆಯಾಯಿತು. ಅಯ್ಯೋ ದೇವರೇ, ಮೆಚ್ಚುಗೆ!

ಕ್ರಿಸ್‌ಮಸ್ ಪರೀಕ್ಷೆಗೆ ಮೊದಲು ಟೀಚರ್ ತಮ್ಮ ಪ್ರಶ್ನೆಪತ್ರಿಕೆ ಕೊಟ್ಟರು. ಅದರ ಕೊನೆಯ ಪ್ರಶ್ನೆಯ ಬಗ್ಗೆ ಅವರಿಗೆ ವಿಶೇಷ ಹೆಮ್ಮೆ. ಯಾವ ಗೈಡಿನಲ್ಲೂ ಸಿಗದ, ಇದೇ ನೆಲದ ಪ್ರಶ್ನೆ. ಶಿರಿಯ ಹೊಳೆಯಿಂದ ಹೊರಟ ಒಂದು ದೋಣಿ ಅಳಿವೆ ದಾಟಿ ಸಮುದ್ರಕ್ಕೆ ಸೇರುತ್ತದೆ. ಹೊಳೆಯಲ್ಲಿದ್ದಾಗ ಎಷ್ಟು ಮುಳುಗಿತ್ತೋ ಸಮುದ್ರದಲ್ಲೂ ಅಷ್ಟೇ ಮುಳುಗಿರುತ್ತದೆಯೇ, ಹೆಚ್ಚೇ, ಕಡಿಮೆಯೇ? ಯಾಕೆ?

ತಿದ್ದಲು ಕೂತರು. ಎ ಡಿವಿಷನಿನವರು ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ಬರೆದಿದ್ದರು. ಬಿ ಡಿವಿಷನಿನ ಉತ್ತರಪತ್ರಿಕೆಗಳಲ್ಲಿ ಮೊದಲ ಪುಟದ ಸುಲಭದ್ದು ಮಾತ್ರ ಇತ್ತು. ಯೋಚಿಸಿ ಬರೆಯುವ ಪ್ರಶ್ನೆಗಳಿಗೆ ಬಂದರೆ ಖಾಲಿ, ಮತ್ತೆ ಖಾಲಿ. ದೋಣಿಯ ಪ್ರಶ್ನೆಯಂತೂ ಯಾರೂ ಮುಟ್ಟಿರಲಿಲ್ಲ. ಒಂದೊಂದು ಖಾಲಿ ಜಾಗಕ್ಕೂ ಸೊನ್ನೆ ಸುತ್ತುವಾಗ ಟೀಚರಿನ ಪೆನ್ನು ಚುರುಕಾಯಿತು. ಹತ್ತಿರ ಕೂತಿದ್ದ ಗಂಡ ಮುರಳೀಕೃಷ್ಣ, "ಎಂತ, ಒಬ್ಬಳೇ ನಗುತ್ತಾ ಇದ್ದೀಯಲ್ಲ?" ಎಂದು ಕೇಳಿದ.

"ವ್ಯತ್ಯಾಸ ಬಂತು ಮಾರಾಯ್ರೇ, ವ್ಯತ್ಯಾಸ!"

ಹರಿನಾರಾಯಣರು ಫೋನಿನಲ್ಲಿ, "ಇಷ್ಟು ಚಂದದ ಫಲಿತಾಂಶ ನಾನು ಈಚೆಗೆ ನೋಡ್ಲಿಲ್ಲ, ಇನ್ನು ಬರೆದು ಮುಗಿಸುವುದು ಮಾತ್ರ" ಎಂದರು. ಮರುದಿನ ಸ್ಟಾಫ್ ರೂಮಿಗೆ ಕುಂಬಳೆಯಿಂದ ಲಾಡು ಹೋಯಿತು. ಎಲ್ಲರೂ "ಡಾಕ್ಟರಮ್ಮ" ಎಂದು ತಮಾಷೆ ಮಾಡಿದರು.

ಲೆಕ್ಕದ ಅಬ್ದುಲ್ ಲತೀಫ್ ಮಾಷ್ಟ್ರು ಲಾಡು ಬಾಯಿಗೆ ಹಾಕಿಕೊಂಡು, ಅಂಕಗಳ ಹಾಳೆಯನ್ನು ಎರಡೆರಡು ಸಲ ನೋಡಿದರು. ಶಾಲೆಯಲ್ಲಿ ಟೀಚರಿಗೆ ಅವರಷ್ಟು ಬೇಕಾದವರು ಬೇರೆ ಇಲ್ಲ. ಸಂಶೋಧನೆಯ ಲೆಕ್ಕಾಚಾರಗಳನ್ನು ಕೂತು ಹೇಳಿಕೊಟ್ಟದ್ದೇ ಅವರು.

"ಟೀಚರೇ, ಹೋದ ವರ್ಷವೂ ಇದೇ ಪ್ರಶ್ನೆ ಕೊಟ್ಟಿದ್ರಲ್ಲ? ಪ್ರಶ್ನೆಪತ್ರಿಕೆ ಸರಿ ಉಂಟಾ ಅಂತ ನೋಡ್ಲಿಕ್ಕೆ?"

"ಹೌದು. ಆಗಿನ ಒಂಬತ್ತನೆಯವರಿಗೆ. ಅವರಿಗೆ ಬೋರ್ಡು ಪಾಠ ಮಾತ್ರ ಅಲ್ವಾ, ಎರಡು ಡಿವಿಷನಿಗೂ."

"ಆಗ ಎಷ್ಟು ಬಂದಿತ್ತು?"

"ನೋಡ್ಬೇಕು. ಎಂತಕ್ಕೆ?"

"ಎಂತಕ್ಕೂ ಇಲ್ಲ. ನೋಡಿ ಒಮ್ಮೆ." ಲತೀಫ್ ಮಾಷ್ಟ್ರು ಕೈ ಒರೆಸಿಕೊಂಡು ಎದ್ದರು. "ಲಾಡು ಲಾಯ್ಕುಂಟು."

ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿಯಿತು. ಸಂಜೆ ಮನೆಗೆ ಹೋದವರೇ ಚಹಾ ಕೂಡ ಕುಡಿಯದೆ ಹಳೆಯ ಅಂಕಗಳನ್ನು ತೆಗೆದು ಹೊಸದರ ಪಕ್ಕದಲ್ಲಿಟ್ಟರು. ಒಮ್ಮೆ ನೋಡಿದರು, ಕಣ್ಣುಜ್ಜಿ ಮತ್ತೊಮ್ಮೆ ನೋಡಿದರು. ಬರೇ ಬೋರ್ಡಿನ ಪಾಠ ಕೇಳಿದ ಹೋದ ವರ್ಷದವರಿಗಿಂತ ಈ ವರ್ಷದ ಎ ಡಿವಿಷನ್ ಮೇಲಿತ್ತು ನಿಜ, ಆದರೆ ಒಂದು ಬೆರಳು ಮೇಲೆ, ಅಷ್ಟೇ. ಬಿ ಡಿವಿಷನ್ ಮಾತ್ರ ಪಾತಾಳಕ್ಕೆ ಇಳಿದಿತ್ತು. ಅದೇ ಟೀಚರ್, ಅದೇ ಬೋರ್ಡು, ಅದೇ ಪ್ರಶ್ನೆ, ಅದೇ ಊರಿನ ಮಕ್ಕಳು. ಹೋದ ವರ್ಷ ಬಂದದ್ದು ಈ ವರ್ಷ ಯಾಕೆ ಬರಲಿಲ್ಲ?

ಹಾಗಾದರೆ ಆ ಚಂದದ ವ್ಯತ್ಯಾಸ ಎ ಏರಿದ್ದರಿಂದ ಬಂದದ್ದಲ್ಲ, ಬಿ ಬಿದ್ದದ್ದರಿಂದ ಬಂದದ್ದು.

ಟೀಚರಿಗೆ ಮೊದಲು ಹೊಳೆದದ್ದು ಗೇರುಮರದ ಬುಡ. ಹೋದ ವರ್ಷದವರು ಅಲ್ಲಿ ಇಂಟರ್‌ವಲಿನಲ್ಲಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡಿದ್ದರು. ಈ ವರ್ಷ ತಾವೇ ಅದನ್ನು ನಿಲ್ಲಿಸಿದರು. ಗಲಾಟೆ ಎಂದುಕೊಂಡದ್ದು ಅರ್ಧ ಶಾಲೆಯೇ ಆಗಿತ್ತಲ್ಲ! ಆದರೂ ಅಷ್ಟೊಂದು ಖಾಲಿ? ಅಳಿವೆಯ ಹತ್ತಿರವೇ ಮನೆಯಿರುವ ಸಜ್ನಾ ಕೂಡ ದೋಣಿಯ ಪ್ರಶ್ನೆಗೆ ಒಂದು ಗೆರೆ ಎಳೆಯದೆ ಬಿಡುವುದೆಂದರೆ?

ಮರುದಿನ ಊಟದ ಬಿಡುವಿನಲ್ಲಿ ಅವಳನ್ನು ಲ್ಯಾಬಿಗೆ ಕರೆದರು. ಲ್ಯಾಬ್ ಎಂದರೆ ಮೂಲೆಯ ಒಂದು ಕೋಣೆ, ಎರಡು ಕಪಾಟು. ಸಜ್ನಾ ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡು ಬಾಗಿಲಲ್ಲೇ ನಿಂತಳು.

"ಒಳಗೆ ಬಾ. ಬೈಲಿಕ್ಕೆ ಕರೆದದ್ದಲ್ಲ. ಆ ದೋಣಿಯ ಪ್ರಶ್ನೆ ಯಾಕೆ ಬಿಟ್ಟದ್ದು ನೀನು?"

"ಗೊತ್ತಿರ್ಲಿಲ್ಲ ಟೀಚರ್."

"ದೋಣಿಯಲ್ಲಿ ಹೋಗಿದ್ದೀಯಲ್ಲ? ನಿನ್ನ ಮಾಮನ ದೋಣಿ ಉಂಟು ಅಂತ ನೀನೇ ಹೇಳಿದ್ದೆ."

ಹುಡುಗಿ ನೆಲ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಕ್ಕಳಿಗೆ ಕಿವಿ ಕೆಂಪಾಗುತ್ತದೆ. ಅವಳ ಶಾಲಿನ ಅಂಚಿನಲ್ಲಿ ಕಂಡ ಚೂರು ಕಿವಿ ಕೆಂಪಾಗಿತ್ತು.

"ಟೀಚರ್..."

"ಹೇಳು."

"ನಿಮ್ಗೆ ಸಿಕ್ಕಿತಲ್ಲ? ಡಾಕ್ಟರ್? ನಿನ್ನೆ ಲಾಡು ಕೊಟ್ಟದ್ದು ಅದಕ್ಕೇ ಅಲ್ವಾ?"

"ಇನ್ನೂ ಸಿಕ್ಕಿಲ್ಲ. ಸಿಗ್ತದೆ. ಅದಕ್ಕೂ ಇದಕ್ಕೂ ಎಂತ?"

"ನಾವು ಬರ್ದಿದ್ರೆ ಸಿಗ್ತಿರ್ಲಿಲ್ಲ ಅಲ್ವಾ ಟೀಚರ್?"

ಹೊರಗೆ ಊಟದ ತಟ್ಟೆ ತೊಳೆಯುವ ಸದ್ದು. ಟೀಚರಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸ್ಟೂಲು ಎಳೆದು ಕೂತರು.

"ಯಾರು ಹೇಳಿದ್ದು ನಿಂಗೆ?"

"ಸ್ಪಂದನಾ." ಹೇಳಿದ್ದೇ ಗಾಬರಿಯಾಗಿ, "ಅವಳು ಬೇರೆ ಎಂತದ್ದೂ ಹೇಳ್ಲಿಲ್ಲ ಟೀಚರ್, ಅಲ್ಲಾನಾಣೆ! ಮೊಟ್ಟೆದ್ದೂ ಇಲ್ಲ, ಕಲ್ಲಿದ್ದೂ ಇಲ್ಲ. ನಾನು ಕೇಳಿ ಕೇಳಿ ಸಾಕಾಗಿ ಸಿಟ್ಟು ಮಾಡಿದ್ದಕ್ಕೆ ಅಳ್ತಾ ಇದೊಂದೇ ಹೇಳಿದ್ದು. ಬಿ ಡಿವಿಷನಿನವರಿಗೆ ಗೊತ್ತಾದ್ರೆ ಟೀಚರಿನ ಪಿಎಚ್‌ಡಿ ಹಾಳಾಗ್ತದೆ ಅಂತ. ಮತ್ತೆ ನಾನು ಕೇಳ್ಲಿಲ್ಲ."

"ಮತ್ತೆ?"

"ಮತ್ತೆ ನಾವು ಕ್ಲಾಸಿನವರೆಲ್ಲ ಮಾತಾಡಿದೆವು. ನಮಗೆ ಗೊತ್ತಿರ್ಬಾರ್ದು ಅಂತಾದ್ರೆ, ಗೊತ್ತಿದ್ದದ್ದನ್ನೂ ಬರಿಬಾರ್ದಲ್ಲ. ಸುಲಭದ್ದು ಬರೆಯುವ, ಇಲ್ಲದಿದ್ರೆ ನಿಮ್ಗೆ ಡೌಟು ಬರ್ತದೆ. ಕಷ್ಟದ್ದು ಬಿಡುವ ಅಂತ. ತುಷಾರ್ ಮಾತ್ರ ದೋಣಿದ್ದು ಬರೆದೇ ಬರಿತೇನೆ ಅಂತ ಹಟ ಮಾಡಿದ. ಅವನಿಗೆ ಎಲ್ಲರೂ ಸೇರಿ ಬೈದೆವು." ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಇಣುಕಿತು. "ಗೊತ್ತಿಲ್ಲದವರಿಗೆ ಹೇಗೂ ಗೊತ್ತಿರ್ಲಿಲ್ಲ. ಗೊತ್ತಿದ್ದವರು ಬಿಟ್ಟದ್ದು."

ಟೀಚರಿಗೆ ಮೊನ್ನೆ ಒಂದೊಂದು ಖಾಲಿ ಜಾಗ ಕಂಡಾಗಲೂ ಖುಷಿಯಾದದ್ದು ನೆನಪಾಯಿತು. ಯಾವ ಟೀಚರಾದರೂ ಮಗು ಬರೆಯದೆ ಬಿಟ್ಟದ್ದನ್ನು ಕಂಡು ನಗುತ್ತಾಳೆಯೇ? ನಾನು ನಕ್ಕಿದ್ದೆ. ಗಂಡ ಕೇಳುವಷ್ಟು ನಕ್ಕಿದ್ದೆ. ಈ ಮಕ್ಕಳು ತಮಗೆ ಬರುವುದನ್ನು ಬಾಯೊಳಗೇ ನುಂಗಿ ನನಗೆ ಡಾಕ್ಟರ್ ಪದವಿ ಉಡುಗೊರೆ ಕೊಟ್ಟಿವೆ, ನಾನು ಅದಕ್ಕೆ ಸೊನ್ನೆ ಸುತ್ತಿದ್ದೇನೆ. ನಾಚಿಕೆ ಎಂದರೆ ಏನೆಂದು ಆವತ್ತು ಸೌದಾಮಿನಿ ಟೀಚರಿಗೆ ಸರಿಯಾಗಿ ಗೊತ್ತಾಯಿತು. ಕಣ್ಣು ತುಂಬಿ ಬಂತು, ಅದನ್ನು ಮಗುವಿಗೆ ತೋರಿಸಬಾರದೆಂದು ಕಪಾಟಿನ ಕಡೆ ತಿರುಗಿದರು.

"ಟೀಚರ್, ಬೈತೀರಾ?"

"ಇಲ್ಲ ಮಗಾ. ನೀನು ಹೋಗಿ ಊಟ ಮಾಡು."

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಖಾಲಿ ಜಗಲಿಯಲ್ಲಿ ನಿಂತು ಹರಿನಾರಾಯಣರಿಗೆ ಫೋನ್ ಮಾಡಿದರು. ನಡೆದದ್ದನ್ನೆಲ್ಲ ಹೇಳಿದರು.

"ಒಂದು ಹುಡುಗಿ ಹೇಳಿದ್ದಲ್ವಾ ಟೀಚರ್? ಮಕ್ಕಳು ನೂರು ಹೇಳ್ತಾರೆ. ಬರೆದದ್ದು ಲೆಕ್ಕಕ್ಕೆ, ಬರೆಯದ್ದು ಇಲ್ಲ. ನಿಮ್ಮದರಲ್ಲಿ ತಪ್ಪಿಲ್ಲ."

"ಸರ್, ಅವರು ಗೊತ್ತಿಲ್ಲದೆ ಬಿಟ್ಟದ್ದು ಎಷ್ಟು, ನನ್ನ ಮೇಲಿನ ಪ್ರೀತಿಗೆ ಬಿಟ್ಟದ್ದು ಎಷ್ಟು ಅಂತ ನಾನು ಹೇಗೆ ಕಂಡುಹಿಡಿಯುವುದು?"

"ಕಂಡುಹಿಡಿಯುವುದು ಬೇಡ. ಯಾರೂ ಕೇಳುವುದಿಲ್ಲ."

"ನಂಗೆ ಗೊತ್ತಾಯ್ತಲ್ಲ ಸರ್."

ಹರಿನಾರಾಯಣರು ಕೆಟ್ಟವರಲ್ಲ. ನಿಟ್ಟುಸಿರು ಬಿಟ್ಟರು. "ನೋಡಿ, ನಾನು ಹೆದರಿಸುವುದಲ್ಲ. ಇನ್ನು ಮುಂದೂಡುವುದಕ್ಕೆ ಆಗುವುದಿಲ್ಲ. ಈಗ ಬಿಟ್ರೆ ರಿಜಿಸ್ಟ್ರೇಷನ್ ಹೋಯ್ತು. ಬೇಕಾದ್ರೆ ಮೊದಲಿನಿಂದ, ಹೊಸ ಅರ್ಜಿ, ಹೊಸ ಪರೀಕ್ಷೆ. ನಿಮ್ಮ ಪ್ರಾಯಕ್ಕೆ, ಈ ಕೆಲಸದ ಮಧ್ಯೆ... ನಾಲ್ಕು ದಿನ ಯೋಚಿಸಿ."

"ಯೋಚಿಸಿ ಆಯ್ತು ಸರ್. ಈ ಅಂಕಗಳನ್ನು ನಾನು ಕೊಡುವುದಿಲ್ಲ."

ಹಾಗೆ ಹೇಳಿದ್ದು ಗಟ್ಟಿಯಾಗಿಯೇ. ಆದರೆ ಫೋನು ಇಟ್ಟ ಮೇಲೆ ಒಂದೊಂದೇ ನೆನಪಾಯಿತು. ಎಷ್ಟು ಭಾನುವಾರಗಳು, ಎಷ್ಟು ಮದುವೆ ಮುಂಜಿಗಳಿಗೆ ಹೋಗದೆ ಕಟ್ಟಿಕೊಂಡ ನಿಷ್ಠುರ. ತರಬೇತಿಯಲ್ಲಿ ಎದುರಿಗೆ ನಿಂತು ಓದಬೇಕೆಂದಿದ್ದ ಆ ಒಂದು ದಿನ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮುಖ ಹೊರಗೆ ಹಾಕಿ ಅತ್ತರು. ಗಾಳಿಗೆ ಕಣ್ಣೀರು ಕಿವಿಯ ಕಡೆ ಓಡಿತು. ಬಂದ್ಯೋಡಿನಲ್ಲಿ ಇಳಿಯುವಾಗ ಕಂಡಕ್ಟರ್ ಪೂವಪ್ಪ, "ಎಂತ ಟೀಚರೇ, ಧೂಳು ಹೋಯ್ತಾ?" ಎಂದ. "ಹೌದು ಮಾರಾಯ, ಧೂಳು" ಎಂದರು.

ಬೆಳಗ್ಗೆ ಶಾಲೆಗೆ ಬಂದವರು ಲತೀಫ್ ಮಾಷ್ಟ್ರಲ್ಲಿ ಮಾತ್ರ ವಿಷಯ ಹೇಳಿದರು. ಮಾಷ್ಟ್ರು ಮುಖ ಸಣ್ಣ ಮಾಡಿ, "ನಾನು ಆ ಪ್ರಶ್ನೆ ಕೇಳ್ಬಾರ್ದಿತ್ತು ಟೀಚರೇ" ಎಂದರು.

"ನೀವು ಕೇಳದಿದ್ರೆ ನಾನು ಆ ಸೊನ್ನೆಗಳ ಮೇಲೆ ಹತ್ತಿ ನಿಲ್ತಿದ್ದೆ. ಒಂದು ಉಪಕಾರ ಮಾಡಿ. ಇಂಟರ್‌ವಲಿನ ನಂತರದ ನಿಮ್ಮ ಎ ಡಿವಿಷನ್ ಪೀರಿಯಡ್ ನಂಗೆ ಕೊಡಿ."

ಇಂಟರ್‌ವಲಿನಲ್ಲಿ ಟೀಚರ್ ಬಾಲ್ದಿ, ಉಪ್ಪಿನ ಡಬ್ಬ, ಮೊಟ್ಟೆ ಹಿಡಿದು ಗೇರುಮರದ ಬುಡಕ್ಕೆ ಬಂದರು. ಗಂಟೆ ಹೊಡೆದರೂ ಎರಡು ಡಿವಿಷನಿನವರನ್ನೂ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದರು. ಮಕ್ಕಳು ಅಭ್ಯಾಸದಂತೆ ಇವರು ಈ ಬದಿ, ಅವರು ಆ ಬದಿ ಕೂತರು.

"ಹಾಗಲ್ಲ. ಪುಸ್ತಕದ ಜೋಡಿ ಜೋಡಿ ಕೂತುಕೊಳ್ಳಿ."

ಒಂದಷ್ಟು ಗುಸುಗುಸು, ತಳ್ಳಾಟ. ಸ್ಪಂದನಾ ಎದ್ದು ಆ ಬದಿಗೆ ಹೋಗಿ ಸಜ್ನಾಳ ಪಕ್ಕದಲ್ಲಿ ಕೂತಳು. ಇಬ್ಬರೂ ಮುಖ ನೋಡಲಿಲ್ಲ.

"ಎ ಡಿವಿಷನಿನವರಿಗೆ ನಾನೊಂದು ಮಾತು ಹೇಳಿದ್ದೆ, ಬಿ ಡಿವಿಷನಿಗೆ ಹೇಳ್ಬಾರ್ದು ಅಂತ. ಅದು ನನ್ನ ತಪ್ಪು. ಇನ್ನು ಯಾರು ಯಾರಿಗೂ ಎಂತ ಬೇಕಾದ್ರೂ ಹೇಳ್ಬಹುದು." ಟೀಚರ್ ಬಾಲ್ದಿಯನ್ನು ಮುಂದಕ್ಕೆ ಸರಿಸಿದರು. "ಬಿ ಡಿವಿಷನಿನವರಿಗೆ ಪ್ರಶ್ನೆ. ದೋಣಿ ಹೊಳೆಯಿಂದ ಅಳಿವೆ ದಾಟಿ ಸಮುದ್ರಕ್ಕೆ ಹೋಯ್ತು. ಹೆಚ್ಚು ಮುಳುಗ್ತದಾ, ಕಡಿಮೆಯಾ?"

ಬಿ ಡಿವಿಷನಿನ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ತಲೆ ತಗ್ಗಿಸಿದರು. ತುಷಾರನ ಬಾಯಿ ತೆರೆಯಿತು, ಹಿಂದಿನ ಮೆಟ್ಟಿಲಿನಿಂದ ಅವನ ಕ್ಲಾಸಿನವಳೊಬ್ಬಳು ಚಿವುಟಿದಳು, ಮುಚ್ಚಿತು. ಅಷ್ಟು ದಿನ ಕಾಪಾಡಿದ ಗುಟ್ಟು, ಟೀಚರೇ ಕೇಳಿದರೂ ಬಿಡಲು ಅವರಿಗೆ ಮನಸ್ಸಿಲ್ಲ. ಕೊನೆಗೆ ಸಜ್ನಾಳ ಕೈ ಭುಜದವರೆಗೆ ಎದ್ದಿತು, ಮೇಲೆ ಹೋಗಲಿಲ್ಲ.

"ಹೇಳಿದ್ರೆ... ನಿಮ್ಮ ಡಾಕ್ಟರ್ ಹೋಗ್ತದಲ್ಲ ಟೀಚರ್?"

"ಹೋಯ್ತು ಮಗಾ." ಟೀಚರ್ ನಕ್ಕರು. "ಇನ್ನು ಹೋಗ್ಲಿಕ್ಕೆ ಎಂತದ್ದೂ ಇಲ್ಲ. ಹೇಳು."

ಸಜ್ನಾ ಎದ್ದು ನಿಂತಳು. "ಕಡಿಮೆ ಮುಳುಗ್ತದೆ ಟೀಚರ್. ಮಾಮನ ದೋಣಿಯಲ್ಲಿ ನಾನೇ ನೋಡಿದ್ದು, ಅಳಿವೆ ದಾಟಿದ್ರೆ ಹೊಳೆಯಲ್ಲಿ ಆದ ಹಸಿ ಗುರುತು ನೀರಿನಿಂದ ಚೂರು ಮೇಲೆ ಬರ್ತದೆ. ಸಮುದ್ರದ ನೀರಿನಲ್ಲಿ ಉಪ್ಪುಂಟಲ್ಲ, ಅದು ಭಾರ. ದೋಣಿಯ ತೂಕಕ್ಕೆ ಸರಿಯಾಗ್ಲಿಕ್ಕೆ ಕಡಿಮೆ ನೀರು ಸರಿಸಿದ್ರೆ ಸಾಕಾಗ್ತದೆ. ಅದಕ್ಕೆ ಜಾಸ್ತಿ ಮುಳುಗ್ಲಿಕ್ಕೆ ಇಲ್ಲ."

ಎ ಡಿವಿಷನಿನ ಚಿತ್ರಗಳು, ಬಾಣಗಳು ಎಲ್ಲ 'ಉಪ್ಪು ನೀರು ಎತ್ತುತ್ತದೆ' ಎನ್ನುವಲ್ಲಿಗೆ ನಿಂತಿದ್ದವು. ಸರಿಸಿದ ನೀರಿನ ತೂಕದ ತನಕ ಅವರಲ್ಲಿ ಯಾರೂ ಹೋಗಿರಲಿಲ್ಲ. ಟೀಚರ್ ಮೊಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟರು.

"ಅದು ಹೇಗೆ ಸಾಕಾಗುವುದು?" ಎಂದು ಸ್ಪಂದನಾ ಪಕ್ಕದಿಂದ ಅವಳ ಶಾಲು ಜಗ್ಗಿದಳು. "ದೋಣಿ ಅದೇ ಅಲ್ವಾ?"

"ದೋಣಿ ಅದೇ ಮಾರಾಯ್ತಿ, ನೀರು ಬೇರೆ!"

"ಮೊಟ್ಟೆಗೂ ಹಾಗೇಯಾ?"

"ನಂಗೆಂತ ಗೊತ್ತು? ನಿನ್ನ ಮೊಟ್ಟೆದ್ದು ನಂಗೆ ನೀನು ಹೇಳಿದ್ರೆ ಅಲ್ವಾ!"

ಅಷ್ಟಕ್ಕೆ ತುಷಾರ್ ಎದ್ದು ತಾನು ಇದನ್ನೇ ಬರೆಯಬೇಕೆಂದಿದ್ದೆ ಎಂದು ಕೂಗಿದ, ಅವನ ಜೋಡಿ ಸುಳ್ಳು ಎಂದು ಕೂಗಿದ, ಯಾರೋ ಬಾಲ್ದಿಗೆ ಉಪ್ಪಿನ ಡಬ್ಬವನ್ನೇ ಬೋರಲು ಹಾಕಿದರು. ಮೆಟ್ಟಿಲಿನ ತುಂಬ ತುಳು, ಬ್ಯಾರಿ, ಮಲಯಾಳ, ಕನ್ನಡ. ಆಫೀಸು ರೂಮಿನ ಬಾಗಿಲಿಗೆ ಕೇಶವಪ್ರಸಾದರು ಬಂದು, "ಎಂತ ಟೀಚರ್ ಇದು ಗಲಾಟೆ?" ಎಂದು ಕೇಳಿದರು.

"ಪಾಠ ಸರ್" ಎಂದರು ಸೌದಾಮಿನಿ ಟೀಚರ್, ಮತ್ತು ಯಾರನ್ನೂ ಸುಮ್ಮನಿರಿಸಲಿಲ್ಲ.